ಪಂಪು ಕೊಳ್ಳುವ ಮೊದಲು ಗೇಜು ಕೊಳ್ಳು

ತಮ್ಮಾ,

ಟಾಟಾ ಬೋಲ್ಟ್ ಟರ್ಬೊ ಕೊಂಡದ್ದು ಒಳ್ಳೆಯದೇ ಆಯಿತು. ಗಾಡಿ ಹಳೆಯದಾದರೂ ಇಂಜಿನ್ ಚೆನ್ನಾಗಿದೆ. ನೀನು ಕಳಿಸಿದ ಸಾಮಾನಿನ ಪಟ್ಟಿಯನ್ನೂ ಓದಿದೆ. ದೊಡ್ಡ ಇಂಜೆಕ್ಟರ್ ನಾಲ್ಕು, ಗಂಟೆಗೆ 255 ಲೀಟರ್ ತಳ್ಳುವ ಪಂಪು, ಪ್ರೆಶರ್ ಏರಿಸುವ ರೆಗ್ಯುಲೇಟರ್, ಅದರ ಮೇಲೊಂದು ಟ್ಯೂನಿಂಗ್ ಬಾಕ್ಸ್. ಸುಮ್ಮನೆ ಬೇಡ ಎಂದರೆ ನನ್ನ ಬೆನ್ನ ಹಿಂದೆ ತರಿಸಿಕೊಳ್ಳುತ್ತೀಯ ಎಂದು ಗೊತ್ತು. ಅದಕ್ಕೇ ಯಾವುದು ಯಾಕೆ ಬೇಕು, ಯಾವುದು ಯಾಕೆ ಬೇಡ ಎಂದು ಬಿಡಿಸಿ ಬರೆಯುತ್ತಿದ್ದೇನೆ. ಹೊಸನಗರದಲ್ಲಿ ಗ್ಯಾರೇಜು ನಡೆಸಿ ಕೈ ಕಪ್ಪು ಮಾಡಿಕೊಂಡವನ ಮಾತು ಇದು, ಕೇಳು.

ನಾನು ಹೇಳಬೇಕಾದದ್ದು ಇಷ್ಟೇ. ನಿನ್ನ ಇಂಜಿನ್ ಎಷ್ಟು ಪೆಟ್ರೋಲ್ ಕೇಳುತ್ತಿದೆ, ಈಗಿರುವ ಪಂಪು ಇಂಜೆಕ್ಟರುಗಳು ಎಷ್ಟು ಕೊಡುತ್ತಿವೆ, ಇವೆರಡನ್ನೂ ಅಳೆಯದೆ ಒಂದು ರೂಪಾಯಿಯ ಸಾಮಾನನ್ನೂ ಕೊಳ್ಳಬೇಡ. ಅಳೆದ ಮೇಲೆ ಕೊರತೆ ಎಷ್ಟಿದೆಯೋ ಅಷ್ಟನ್ನು ಮಾತ್ರ ತುಂಬು.

ನಮ್ಮ ಕಡೆಯ ಹುಡುಗರಿಗೆ ಮೊದಲು ದಾರಿ ತಪ್ಪಿಸುವುದು ಡೀಸೆಲ್ ಗಾಡಿಗಳ ಅಭ್ಯಾಸ. ಕೊಡಚಾದ್ರಿಗೆ ಜನ ಹತ್ತಿಸುವ ಜೀಪು, ತೋಟದಿಂದ ಅಡಿಕೆ ಹೊರುವ ಪಿಕಪ್, ಇವುಗಳ ಪಂಪಿನ ಸ್ಕ್ರೂ ಸ್ವಲ್ಪ ತಿರುಗಿಸಿ ಡೀಸೆಲ್ ಜಾಸ್ತಿ ಬಿಟ್ಟರೆ ಎಳೆತ ಬರುತ್ತದೆ ಎಂದು ಎಲ್ಲರೂ ನೋಡಿದ್ದಾರೆ. ಹೊಗೆ ಕಪ್ಪಾಗುತ್ತದೆ, ಆದರೂ ಗಾಡಿ ಹತ್ತುತ್ತದೆ. ಡೀಸೆಲ್ ಇಂಜಿನ್ನಿಗೆ ಗಾಳಿ ಯಾವಾಗಲೂ ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತದೆ. ಎಣ್ಣೆ ಹೆಚ್ಚಿಸಿದಷ್ಟೂ ಅಷ್ಟೋ ಇಷ್ಟೋ ಶಕ್ತಿ ಸಿಗುತ್ತದೆ. ಪೆಟ್ರೋಲ್ ಟರ್ಬೊದ ಲೆಕ್ಕ ಬೇರೆ. ಇಲ್ಲಿ ಶಕ್ತಿ ಬರುವುದು ಟರ್ಬೊ ತಳ್ಳುವ ಗಾಳಿಯಿಂದ. ಆ ಗಾಳಿಗೆ ತಕ್ಕ ಪೆಟ್ರೋಲ್ ಕೊಡುವುದಷ್ಟೇ ಇಂಜೆಕ್ಟರಿನ ಕೆಲಸ. ಬೂಸ್ಟ್, ಎಂದರೆ ಆ ಗಾಳಿಯ ಒತ್ತಡ, ಹೆಚ್ಚಿಸದೆ ಇಂಜೆಕ್ಟರ್ ಮಾತ್ರ ದೊಡ್ಡದು ಹಾಕಿದರೆ ಒಂದು ಎಚ್‌ಪಿಯೂ ಹೆಚ್ಚು ಬರುವುದಿಲ್ಲ. ಮೈಲೇಜು ಇಳಿಯುತ್ತದೆ, ಪೆಟ್ರೋಲ್ ಬೋರಿನ ಗೋಡೆ ತೊಳೆದು ಇಂಜಿನ್ ಆಯಿಲಿಗೆ ಸೇರುತ್ತದೆ. ಬೂಸ್ಟ್ ಹೆಚ್ಚಿಸಿ ಪೆಟ್ರೋಲ್ ಸಾಲದೆ ಹೋದರೆ ಅದಕ್ಕಿಂತ ಕೆಟ್ಟದ್ದು. ಸಿಲಿಂಡರಿನಲ್ಲಿ ಶಾಖ ಏರಿ ಕಟಕಟ ನಾಕಿಂಗ್ ಶುರುವಾಗುತ್ತದೆ. ಕಿಟಕಿ ಏರಿಸಿ ಹಾಡು ಹಾಕಿಕೊಂಡವನಿಗೆ ಆ ಸದ್ದು ಕೇಳುವುದೇ ಇಲ್ಲ. ಕೇಳುವ ಹೊತ್ತಿಗೆ ಪಿಸ್ಟನ್ನಿನ ಅಂಚು ಮುರಿದಿರುತ್ತದೆ.

ಇನ್ನು ಲೆಕ್ಕಕ್ಕೆ ಬಾ. ಬೋಲ್ಟಿನ 1193 ಸಿಸಿ ರೆವೊಟ್ರಾನ್ ಇಂಜಿನ್ ಕಂಪನಿಯಿಂದ ಬರುವಾಗ 90 ಪಿಎಸ್ (ಹೆಚ್ಚು ಕಡಿಮೆ ಅಷ್ಟೇ ಎಚ್‌ಪಿ) ಶಕ್ತಿ, 140 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತಿತ್ತು. ನಾಲ್ಕು ಸಿಲಿಂಡರ್, ಪೆಟ್ರೋಲ್ ಚಿಮ್ಮುವುದು ವಾಲ್ವಿನ ಹಿಂದೆ, ಮ್ಯಾನಿಫೋಲ್ಡಿನಲ್ಲಿ. ಇಂಥ ಕಡಿಮೆ ಬೂಸ್ಟಿನ ಇಂಜಿನ್ ಪೂರ್ತಿ ಎಳೆಯುವಾಗ ಒಂದು ಎಚ್‌ಪಿಗೆ ನಿಮಿಷಕ್ಕೆ ಸುಮಾರು 6 ಸಿಸಿ ಪೆಟ್ರೋಲ್ ಕೇಳುತ್ತದೆ ಎಂದಿಟ್ಟುಕೋ. 90ಕ್ಕೆ 540 ಸಿಸಿ. ನಾಲ್ಕು ಇಂಜೆಕ್ಟರಿಗೆ ಹಂಚಿದರೆ ತಲಾ 135. ಇಂಜೆಕ್ಟರನ್ನು ಪೂರ್ತಿ ಹೊತ್ತು ತೆರೆದೇ ಇಡುವ ಹಾಗಿಲ್ಲ. ನೂರಕ್ಕೆ 80ರಷ್ಟು ಹೊತ್ತು ತೆರೆದಿದ್ದರೆ ಕ್ಷೇಮ. ಆ ಲೆಕ್ಕದಲ್ಲಿ ತಲಾ 170 ಸಿಸಿ ಸಾಮರ್ಥ್ಯದ ಇಂಜೆಕ್ಟರ್ ಸಾಕು. ನಿನ್ನ ಆಸೆ 120 ಎಚ್‌ಪಿ ತಾನೆ? ಒಟ್ಟು 720 ಸಿಸಿ, ತಲಾ 180, ಅದನ್ನು 80ರ ಲೆಕ್ಕಕ್ಕೆ ತಂದರೆ 225. ಗಂಟೆಯ ಲೆಕ್ಕದಲ್ಲಿ ಪಂಪು ತಳ್ಳಬೇಕಾದದ್ದು 43 ಲೀಟರ್. ಈಗ ಹೇಳು, 255 ಲೀಟರಿನ ಪಂಪು ಯಾರಿಗೆ?

ಈ ಲೆಕ್ಕಕ್ಕೆ ಇನ್ನೊಂದು ಬಾಬ್ತು ಸೇರಿಸಬೇಕು. ಈಗ ಬಂಕಿನಲ್ಲಿ ನಿನಗೆ ಸಿಗುವುದು ಬೋಲ್ಟ್ ಹುಟ್ಟಿದಾಗಿನ ಪೆಟ್ರೋಲ್ ಅಲ್ಲ. ನೂರಕ್ಕೆ 20 ಪಾಲು ಎಥೆನಾಲ್ ಬೆರೆಸಿದ ಇ20 ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲೇ, ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ ಪ್ರಧಾನಿ ಬಿಡುಗಡೆ ಮಾಡಿದರು. 2025ರ ಹೊತ್ತಿಗೆ ಅದು ದೇಶದ ಎಲ್ಲ ಕಡೆ ಬಂತು. ಬೋಲ್ಟ್ ಮಾರುಕಟ್ಟೆಗೆ ಬಂದದ್ದು 2015ರ ಜನವರಿಯಲ್ಲಿ. ಒಂದು ಕಿಲೋ ಬರೀ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು; ಎಥೆನಾಲಿಗೆ 9 ಕಿಲೋ ಸಾಕು. ಇ20ಕ್ಕೆ ಅದು ಸುಮಾರು 13.5ಕ್ಕೆ ಬರುತ್ತದೆ. ಎಂದರೆ ಅದೇ ಗಾಳಿಗೆ ಈಗ ಇಂಜೆಕ್ಟರ್ ನೂರಕ್ಕೆ ಏಳೆಂಟು ಪಾಲು ಹೆಚ್ಚು ಪೆಟ್ರೋಲ್ ಬಿಡಬೇಕು. ಕಂಪನಿಯವರು ಇಂಜೆಕ್ಟರಿನಲ್ಲಿ ಇಟ್ಟಿದ್ದ ಉಳಿಕೆಯಲ್ಲಿ ಒಂದು ಪಾಲನ್ನು ನೀನು ಏನೂ ಮಾಡದೆಯೇ ಖರ್ಚು ಮಾಡಿಕೊಂಡಾಗಿದೆ. ಹಾಗಾಗಿ 225 ಎಂದದ್ದು 243 ಆಗುತ್ತದೆ, 43 ಲೀಟರ್ ಎಂದದ್ದು ಸುಮಾರು 47. ಎಥೆನಾಲಿನಿಂದ ಲಾಭವೂ ಇದೆ: ಅದರ ಆಕ್ಟೇನ್ ಹೆಚ್ಚು, ಆವಿಯಾಗುವಾಗ ಗಾಳಿಯನ್ನು ತಂಪು ಮಾಡುತ್ತದೆ, ನಾಕಿಂಗ್ ತಡೆಯುತ್ತದೆ. ಆದರೆ ಆ ಲಾಭ ಸಿಗುವುದು ಬೇಕಾದಷ್ಟು ಪೆಟ್ರೋಲ್ ಸೇರಿದಾಗ ಮಾತ್ರ.

ಇ20 ಪೆಟ್ರೋಲಿನಿಂದಾಗಿ ನೀನು ಮೊದಲು ನೋಡಬೇಕಾದದ್ದು ರಬ್ಬರ್ ಹೋಸು. ಹಳೇ ಗಾಡಿಯ ಮಾಮೂಲಿ ರಬ್ಬರು ಎಥೆನಾಲ್ ಕುಡಿದು ಊದಿಕೊಳ್ಳುತ್ತದೆ, ಒಣಗಿದಾಗ ಬಿರುಕು ಬಿಡುತ್ತದೆ. ಬಾನೆಟ್ಟಿನ ಶಾಖಕ್ಕೆ ಇನ್ನೂ ಬೇಗ. ಎಥೆನಾಲಿಗೆ ಆಗುವ, ಇಂಜೆಕ್ಷನ್ ಪ್ರೆಶರ್ ತಡೆಯುವ ಹೋಸು ಕೇಳಿ ತಗೋ. ಮೀಟರ್ ಲೆಕ್ಕದಲ್ಲಿ ಸಿಗುವ ಅಗ್ಗದ ಪೈಪು ಬೇಡ. ಕ್ಲಿಪ್ಪೂ ಅಷ್ಟೇ: ಹಲ್ಲಿರುವ ಸ್ಕ್ರೂ ಕ್ಲಿಪ್ ರಬ್ಬರನ್ನು ಕತ್ತರಿಸುತ್ತದೆ, ಅಂಚು ನುಣುಪಾಗಿರುವ ಇಂಜೆಕ್ಷನ್ ಕ್ಲಿಪ್ ಹಾಕು. ನಮ್ಮೂರಿನಲ್ಲಿ ಇನ್ನೊಂದು ಕಾಟ ಇಲಿಯದು. ಮಳೆಗಾಲದಲ್ಲಿ ಬೆಚ್ಚಗಿನ ಇಂಜಿನ್ ಮೇಲೆ ಬಂದು ಕೂತು ವೈರು, ಹೋಸು ಕಡಿಯುತ್ತದೆ. ಸಾಮಾನು ಎಷ್ಟೇ ದುಬಾರಿಯದು ಹಾಕು, ಇಲಿ ಕಡಿದ ಹೋಸಿನಲ್ಲಿ ಪೆಟ್ರೋಲ್ ಜಿನುಗಿ ಟರ್ಬೊದ ಮೇಲೆ ಬಿದ್ದರೆ ಗಾಡಿಯೇ ಉಳಿಯುವುದಿಲ್ಲ.

ಪಂಪು, ಪ್ರೆಶರ್, ಇಂಜೆಕ್ಟರ್ ಈ ಮೂರರ ಸಂಬಂಧ ನಿನಗೆ ಹೊಸದೇನಲ್ಲ. ನಮ್ಮ ಅಡಿಕೆ ತೋಟದಲ್ಲಿ ಹೊಳೆಗೆ ಇಟ್ಟ ಪಂಪು, ನೆಲದ ಕೆಳಗಿನ ಪೈಪು, ತುದಿಯಲ್ಲಿ ತಿರುಗುವ ಜೆಟ್ಟು. ದೊಡ್ಡ ಜೆಟ್ಟು ಹಾಕಿದರೆ ಪಂಪಿಗೆ ತಾಕತ್ತಿಲ್ಲದೆ ತುದಿಯ ಸಾಲು ಒಣಗುತ್ತದೆ. ಜೆಟ್ಟು ಸಣ್ಣದಿಟ್ಟು ಪಂಪು ದೊಡ್ಡದು ಮಾಡಿದರೆ ಪೈಪಿನ ಜೋಡಣೆ ಹಾರುತ್ತದೆ. ಕಾರಿನಲ್ಲೂ ಹೀಗೆಯೇ. ನಿನ್ನ 255 ಲೀಟರಿನ ಪಂಪು ತಳ್ಳಿದ್ದರಲ್ಲಿ ಐದರಲ್ಲಿ ನಾಲ್ಕು ಪಾಲು ಕೆಲಸವಿಲ್ಲದೆ ಟ್ಯಾಂಕಿಗೇ ವಾಪಸು ಬರುತ್ತದೆ. ಹೋಗಿ ಬಂದು ಪೆಟ್ರೋಲ್ ಬಿಸಿಯಾಗುತ್ತದೆ, ಪಂಪು ಹೆಚ್ಚು ಕರೆಂಟು ಎಳೆದು ಹಳೇ ವೈರನ್ನು ಕಾಯಿಸುತ್ತದೆ, ಅಷ್ಟನ್ನು ವಾಪಸು ಬಿಡಲು ಸಣ್ಣ ರೆಗ್ಯುಲೇಟರಿಗೆ ಆಗದೆ ಐಡಲಿನಲ್ಲಿ ಪ್ರೆಶರ್ ಏರಿ ನಿಲ್ಲುತ್ತದೆ.

ಪ್ರೆಶರಿನ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಮೆಕ್ಯಾನಿಕ್‌ಗಳು ಗಮನಿಸುವುದಿಲ್ಲ. ಇಂಜೆಕ್ಟರಿನ ಬಾಯಿ ಇರುವುದು ಮ್ಯಾನಿಫೋಲ್ಡಿನ ಒಳಗೆ. ಪೆಟ್ರೋಲ್ ಲೈನಿನಲ್ಲಿ 3 ಬಾರ್ ಇದೆ, ಟರ್ಬೊ ಅರ್ಧ ಬಾರ್ ಗಾಳಿ ತುಂಬಿತು ಎನ್ನು. ಆ ಗಾಳಿ ಇಂಜೆಕ್ಟರಿನ ಬಾಯಿಗೆ ಎದುರಾಗಿ ಒತ್ತುತ್ತದೆ. ಉಳಿಯುವ ಒತ್ತಡ ಎರಡೂವರೆ ಬಾರ್ ಮಾತ್ರ. ಪೆಟ್ರೋಲ್ ಹೆಚ್ಚು ಬೇಕಾದ ಹೊತ್ತಿನಲ್ಲೇ ನೂರಕ್ಕೆ ಒಂಬತ್ತು ಪಾಲು ಕಡಿಮೆ ಚಿಮ್ಮುತ್ತದೆ. ಇದಕ್ಕೇ ಕೆಲವು ಗಾಡಿಗಳಲ್ಲಿ ರೆಗ್ಯುಲೇಟರಿನಿಂದ ಮ್ಯಾನಿಫೋಲ್ಡಿಗೆ ಒಂದು ಸಣ್ಣ ಗಾಳಿ ಪೈಪು ಇರುತ್ತದೆ: ಬೂಸ್ಟ್ ಏರಿದಷ್ಟೇ ಪೆಟ್ರೋಲ್ ಪ್ರೆಶರೂ ಏರುತ್ತದೆ. ಇನ್ನು ಕೆಲವು ಗಾಡಿಗಳಲ್ಲಿ ರೆಗ್ಯುಲೇಟರ್ ಟ್ಯಾಂಕಿನ ಒಳಗೇ ಇದ್ದು ಪ್ರೆಶರ್ ಒಂದೇ ಸಮ ಇರುತ್ತದೆ, ಕೊರತೆಯನ್ನು ಇಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಲೆಕ್ಕ ಹಾಕಿ ತುಂಬುತ್ತದೆ. ನಿನ್ನದು ಯಾವ ಬಗೆ ಎಂದು ಬಗ್ಗಿ ನೋಡದೆ ರೆಗ್ಯುಲೇಟರ್ ತರಿಸಬೇಡ. ಪ್ರೆಶರ್ ಏರಿಸಿದರೂ ಸಿಗುವುದು ಬಹಳವಲ್ಲ. 3 ಬಾರನ್ನು 4 ಮಾಡಿದರೆ ಹರಿವು ಹೆಚ್ಚುವುದು ನೂರಕ್ಕೆ 15. ಎರಡು ಪಟ್ಟು ಹರಿವು ಬೇಕಾದರೆ ಪ್ರೆಶರ್ ನಾಲ್ಕು ಪಟ್ಟು ಆಗಬೇಕು. ಜೊತೆಗೆ ಪ್ರೆಶರ್ ಏರಿದಷ್ಟೂ ಪಂಪು ತಳ್ಳುವ ಲೀಟರು ಇಳಿಯುತ್ತದೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಮೊದಲು ಅಗ್ಗದ ಒಬಿಡಿ ಸ್ಕ್ಯಾನರ್ ಒಂದನ್ನು ಸ್ಟಿಯರಿಂಗ್ ಕೆಳಗಿನ ಪೋರ್ಟಿಗೆ ಸಿಕ್ಕಿಸಿ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ ಓದು, ಎಂದರೆ ಇಸಿಯು ಪೆಟ್ರೋಲನ್ನು ನೂರಕ್ಕೆ ಎಷ್ಟು ಪಾಲು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿ. ಸೊನ್ನೆಯ ಆಚೀಚೆ ಐದರೊಳಗೆ ಇದ್ದರೆ ಗಾಡಿ ಸಮಾಧಾನವಾಗಿದೆ. ಪ್ಲಸ್ ಹತ್ತು ದಾಟಿದ್ದರೆ ಇಸಿಯು ಈಗಾಗಲೇ ಕೊರತೆ ತುಂಬಲು ಹೆಣಗುತ್ತಿದೆ ಎಂದರ್ಥ. ಆಮೇಲೆ ಲೈನಿಗೆ ಪ್ರೆಶರ್ ಗೇಜು ಕಟ್ಟು. ಲೈನ್ ಬಿಚ್ಚುವ ಮೊದಲು ಪಂಪಿನ ಫ್ಯೂಸ್ ತೆಗೆದು ಇಂಜಿನ್ ತಾನೇ ಆರುವ ತನಕ ಓಡಿಸಿ ಪ್ರೆಶರ್ ಇಳಿಸು, ಬ್ಯಾಟರಿ ಕಳಚು, ಬೆಂಕಿ ನಂದಿಸುವ ಸಿಲಿಂಡರ್ ಕೈಗೆಟುಕುವಲ್ಲಿರಲಿ. ಮೂರನೆಯದು ವೈಡ್‌ಬ್ಯಾಂಡ್ ಲ್ಯಾಂಬ್ಡಾ ಗೇಜು. ದುಡ್ಡು ಹಾಕುವುದಾದರೆ ಇದಕ್ಕೆ ಹಾಕು. ಸೈಲೆನ್ಸರ್ ಪೈಪಿಗೆ ಒಂದು ನಟ್ಟು ವೆಲ್ಡ್ ಮಾಡಿಸಿ ಸೆನ್ಸರ್ ಕೂರಿಸಿದರೆ ಇಂಜಿನ್ ಒಳಗೆ ಉರಿದದ್ದರ ಲೆಕ್ಕ ಕಣ್ಣೆದುರು ಬರುತ್ತದೆ. ಪೂರ್ತಿ ಬೂಸ್ಟಿನಲ್ಲಿ ಲ್ಯಾಂಬ್ಡಾ 0.80ರಿಂದ 0.85ರೊಳಗೆ ಇದ್ದರೆ ಪೆಟ್ರೋಲ್ ಸಾಲುತ್ತಿದೆ. 14.7, 12 ಎನ್ನುವ ಅಂಕಿಗಳ ಹಿಂದೆ ಬೀಳಬೇಡ, ಅವು ಬರೀ ಪೆಟ್ರೋಲಿನ ಲೆಕ್ಕ. ಉರಿಯಲು ಬೇಕಾದ ಗಾಳಿಗೆ ಹೋಲಿಸಿ ಇದ್ದ ಗಾಳಿ ಎಷ್ಟು ಎಂದು ಹೇಳುವ ಲ್ಯಾಂಬ್ಡಾ ಎಥೆನಾಲ್ ಇದ್ದರೂ ಇಲ್ಲದಿದ್ದರೂ ಒಂದೇ. ಓದುವಾಗ ಪಕ್ಕದಲ್ಲಿ ಇನ್ನೊಬ್ಬ ಕೂತಿರಲಿ. ನೀನು ರಸ್ತೆ ನೋಡು, ಅವನು ಗೇಜು ನೋಡಲಿ.

ಅಂಕಿಯಲ್ಲಿ ಕೊರತೆ ಕಂಡರೂ ತಕ್ಷಣ ಪಾರ್ಸೆಲ್ ತರಿಸಬೇಡ. ಹಳೇ ಗಾಡಿಯ ಕೊರತೆ ಬಹಳ ಸಲ ಕೊಳೆಯದು, ತುಕ್ಕಿನದು. ಪಂಪಿನ ಕನೆಕ್ಟರಿಗೆ ಮಲ್ಟಿಮೀಟರ್ ಇಟ್ಟು ಇಂಜಿನ್ ಓಡುತ್ತಿರುವಾಗ ವೋಲ್ಟೇಜ್ ನೋಡು. ಬ್ಯಾಟರಿಯಲ್ಲಿ 13.8 ಇದ್ದು ಪಂಪಿನ ಹತ್ತಿರ 12ಕ್ಕಿಂತ ಕೆಳಗಿದ್ದರೆ ದಾರಿಯಲ್ಲಿ ಎಲ್ಲೋ ಸೋರಿದೆ. ನಮ್ಮ ಮಳೆಗೆ ಅರ್ಥ್ ಬೋಲ್ಟಿನ ಸುತ್ತ ಹಸಿರು ಕಿಲುಬು ಕಟ್ಟಿರುತ್ತದೆ. ಉಜ್ಜಿ, ಹೊಸ ಲಗ್ ಹಾಕಿ, ಗ್ರೀಸ್ ಸವರಿದರೆ ಪಂಪು ಹೊಸದರ ಹಾಗೆ ತಳ್ಳುತ್ತದೆ. ಫಿಲ್ಟರ್ ಬದಲಿಸು. ಇಂಜೆಕ್ಟರ್ ನಾಲ್ಕನ್ನೂ ಬಿಚ್ಚಿ ಶಿವಮೊಗ್ಗದಲ್ಲೋ ಮಂಗಳೂರಿನಲ್ಲೋ ಟೆಸ್ಟ್ ಬೆಂಚಿಗೆ ಕೊಡು. ನಿಂತು ನೋಡು ಅದನ್ನು. ನಾಲ್ಕು ಗಾಜಿನ ಕೊಳವೆ, ಮೇಲೆ ನಾಲ್ಕು ಇಂಜೆಕ್ಟರ್. ಒಂದು ಮಂಜಿನ ಹಾಗೆ ಸಣ್ಣಗೆ ಚಿಮ್ಮುತ್ತದೆ, ಪಕ್ಕದ್ದು ದಾರದ ಹಾಗೆ ನೇರ ಹರಿಯುತ್ತದೆ, ಇನ್ನೊಂದು ಆಫ್ ಮಾಡಿದ ಮೇಲೂ ತೊಟ್ಟಿಕ್ಕುತ್ತದೆ. ಯಂತ್ರ ನಿಂತಾಗ ಕೊಳವೆಗಳ ಮಟ್ಟ ಮೇಲೆ ಕೆಳಗೆ. ಅತಿ ಕಡಿಮೆ ತುಂಬಿದ ಕೊಳವೆ ಯಾವುದೋ ಆ ಸಿಲಿಂಡರಿನ ಪಿಸ್ಟನ್ನೇ ಮೊದಲು ಹೋಗುವುದು, ಲ್ಯಾಂಬ್ಡಾ ಗೇಜು ನಾಲ್ಕರ ಸರಾಸರಿಯನ್ನಷ್ಟೇ ತೋರಿಸುತ್ತದೆ. ತೊಳೆಸಿ, ನಾಲ್ಕೂ ಸಮ ಬರುವಂತೆ ಮಾಡಿಸು. ಪ್ಲಗ್ಗುಗಳನ್ನೂ ಬಿಚ್ಚಿ ಬಿಸಿಲಿಗೆ ಹಿಡಿದು ನೋಡು. ಬಿಳಿ ಪಿಂಗಾಣಿಯ ಮೇಲೆ ಕಪ್ಪು ಚುಕ್ಕಿ, ನಡುನಡುವೆ ಮಿನುಗುವ ಸಣ್ಣ ಕಣ ಕಂಡರೆ ಅದು ಪಿಸ್ಟನ್ನಿನಿಂದ ಎದ್ದ ಅಲ್ಯುಮಿನಿಯಂ. ಅಲ್ಲಿಗೆ ನಿಲ್ಲಿಸು, ಬೂಸ್ಟಿನ ಮಾತು ಆಮೇಲೆ.

ಇಷ್ಟೆಲ್ಲ ಮಾಡಿದ ಮೇಲೂ ಕೊರತೆ ಉಳಿದರೆ ಇಂಜೆಕ್ಟರ್ ತಗೋ. 243 ಎಂದು ಲೆಕ್ಕ ಬಂದರೆ 250, 270ರ ಆಸುಪಾಸಿನದು. ನಿನ್ನ ಸ್ನೇಹಿತ ಹೇಳಿದ 550 ಸಿಸಿಯದಲ್ಲ. ಐಡಲಿನಲ್ಲಿ ಇಂಜೆಕ್ಟರ್ ತೆರೆಯುವುದು ಎರಡು ಮೂರು ಮಿಲಿಸೆಕೆಂಡ್, ಅದರಲ್ಲಿ ಒಂದರಷ್ಟು ಸೂಜಿ ಏಳುವುದಕ್ಕೇ ಹೋಗುತ್ತದೆ. ಅತಿ ದೊಡ್ಡ ಇಂಜೆಕ್ಟರಿಗೆ ಅಷ್ಟು ಸಣ್ಣ ಹೊತ್ತಿನಲ್ಲಿ ಅಳತೆ ಹಿಡಿಯಲು ಬರುವುದಿಲ್ಲ. ಸಿಗ್ನಲ್ಲಿನಲ್ಲಿ ಗಾಡಿ ಗುದ್ದಾಡುತ್ತದೆ, ಹೊಗೆ ತಪಾಸಣೆಯಲ್ಲಿ ಫೇಲಾಗುತ್ತದೆ. ಯಾವ ಇಂಜೆಕ್ಟರ್ ಕೊಂಡರೂ ಯಾವ ವೋಲ್ಟೇಜಿಗೆ ಎಷ್ಟು ತಡವಾಗಿ ತೆರೆಯುತ್ತದೆ ಎಂಬ ಪಟ್ಟಿಯನ್ನು ಜೊತೆಗೆ ಕೇಳು. ಪಟ್ಟಿ ಇಲ್ಲದ ಇಂಜೆಕ್ಟರಿಗೆ ಇಸಿಯು ಮ್ಯಾಪ್ ಬರೆಯುವವನು ಕತ್ತಲಲ್ಲಿ ತಡಕಾಡಬೇಕು. ಪಂಪಿನ ಸರದಿ ಕೊನೆಯದು, ಅದೂ ಬೂಸ್ಟಿನಲ್ಲಿ ಪ್ರೆಶರ್ ಕುಸಿಯುವುದು ಗೇಜಿನಲ್ಲಿ ಕಂಡರೆ ಮಾತ್ರ.

ಟ್ಯೂನಿಂಗ್ ಬಾಕ್ಸನ್ನು ಪಟ್ಟಿಯಿಂದ ಹೊಡೆದುಹಾಕು. ಅಂಥ ಬಹಳಷ್ಟು ಪೆಟ್ಟಿಗೆಗಳು ಮಾಡುವುದು ಒಂದೇ ಕೆಲಸ: ಮ್ಯಾನಿಫೋಲ್ಡಿನ ಪ್ರೆಶರ್ ಸೆನ್ಸರ್ ಹೇಳುವ ಅಂಕಿಯನ್ನು ಇಳಿಸಿ ಇಸಿಯುವಿಗೆ ತಿಳಿಸುವುದು. ಬೂಸ್ಟ್ ಕಡಿಮೆ ಇದೆ ಎಂದು ನಂಬಿ ಇಸಿಯು ಇನ್ನಷ್ಟು ಬೂಸ್ಟ್ ಬಿಡುತ್ತದೆ. ಆದರೆ ಅದೇ ಸೆನ್ಸರಿನ ಅಂಕಿ ನೋಡಿಯೇ ಪೆಟ್ರೋಲನ್ನೂ ಅಳೆಯುವ ಗಾಡಿಯಾದರೆ ಗಾಳಿ ಹೆಚ್ಚಾಗುತ್ತದೆ, ಪೆಟ್ರೋಲ್ ಹೆಚ್ಚಾಗುವುದಿಲ್ಲ. ಆಮೇಲೆ ಇಂಜೆಕ್ಟರ್ ಸಾಲದು ಎಂದು ಜನ ಇಂಜೆಕ್ಟರಿಗೆ ದುಡ್ಡು ಸುರಿಯುತ್ತಾರೆ. ಕೊರತೆ ಇದ್ದದ್ದು ಇಂಜೆಕ್ಟರಿನಲ್ಲಲ್ಲ, ಸುಳ್ಳು ಅಂಕಿಯಲ್ಲಿ. ಶಕ್ತಿ ಬೇಕೇ ಬೇಕು ಎಂದರೆ ಗಾಡಿಯನ್ನು ಶಕ್ತಿ ಅಳೆಯುವ ಡೈನೊ ಮೇಲೆ ನಿಲ್ಲಿಸಿ, ಲ್ಯಾಂಬ್ಡಾ ನೋಡುತ್ತ ಇಸಿಯುವಿಗೇ ಮ್ಯಾಪ್ ಬರೆಯುವವನ ಹತ್ತಿರ ಹೋಗು.

ನೀನು ಮಂಗಳೂರಿನಿಂದ ಊರಿಗೆ ಬರುವುದು ಹುಲಿಕಲ್ ಘಾಟಿಯ ಮೇಲೆ, ಅದನ್ನು ಮರೆಯಬೇಡ. ಹೆದ್ದಾರಿಯಲ್ಲಿ ಓವರ್‌ಟೇಕಿಗೆ ಬೂಸ್ಟ್ ಬರುವುದು ಕೆಲವು ಸೆಕೆಂಡು. ಹೊಸಂಗಡಿಯಿಂದ ಹುಲಿಕಲ್ಲಿಗೆ ಹತ್ತುವಾಗ ಕಡಿಮೆ ವೇಗ, ಭಾರ ಹೆಚ್ಚು, ತಿರುವಿನಿಂದ ತಿರುವಿಗೆ ಬೂಸ್ಟ್. ಎದುರು ಗಾಳಿ ಸಾಲದೆ ಇಂಟರ್‌ಕೂಲರ್ ಬಿಸಿಯಾಗುತ್ತದೆ, ಒಳಗೆ ಹೋಗುವ ಗಾಳಿಯೂ ಬಿಸಿ. ಬೆಂಗಳೂರಿನ ರಸ್ತೆಯಲ್ಲಿ ಸರಿ ಎನಿಸಿದ ಮ್ಯಾಪು ಇಲ್ಲಿ ನಾಕಿಂಗ್ ಮಾಡಬಹುದು. ಕಾಲು ಟ್ಯಾಂಕ್ ಪೆಟ್ರೋಲಿನಲ್ಲಿ ಕಡಿದಾದ ತಿರುವು ಹತ್ತಿದರೆ ಪೆಟ್ರೋಲ್ ಒಂದು ಬದಿಗೆ ಸರಿದು ಪಂಪು ಗಾಳಿ ನುಂಗುತ್ತದೆ. ಅರ್ಧ ಟ್ಯಾಂಕಿಗಿಂತ ಕಡಿಮೆ ಇಟ್ಟುಕೊಂಡು ಘಾಟಿ ಹತ್ತಬೇಡ. ದಾರಿಬದಿ ಅಂಗಡಿಯ ಬಾಟಲಿ ಪೆಟ್ರೋಲ್ ಟರ್ಬೊ ಗಾಡಿಗೆ ಬೇಡವೇ ಬೇಡ. ಅದರಲ್ಲಿ ಚೂರು ಸೀಮೆಎಣ್ಣೆ ಬೆರೆತಿದ್ದರೂ ಆಕ್ಟೇನ್ ಬಿದ್ದುಹೋಗುತ್ತದೆ. ಎಥೆನಾಲ್ ನೀರು ಹೀರುತ್ತದೆ, ಆದ್ದರಿಂದ ಆಟಿ ತಿಂಗಳ ಮಳೆಯಲ್ಲಿ ಗಾಡಿ ವಾರಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿ ನಿಲ್ಲಿಸು. ಖಾಲಿ ಜಾಗ ಕಡಿಮೆ ಇದ್ದಷ್ಟೂ ತೇವ ಕಡಿಮೆ. ಹುಲಿಕಲ್ಲಿನ ಚಂಡಿಕಾಂಬೆಗೆ ಕೈ ಮುಗಿಯಲು ಎಲ್ಲರೂ ನಿಲ್ಲಿಸುತ್ತಾರಲ್ಲ, ನೀನೂ ನಿಲ್ಲಿಸು. ಇಂಜಿನ್ ಮಾತ್ರ ತಕ್ಷಣ ಆರಿಸಬೇಡ, ಒಂದು ನಿಮಿಷ ಐಡಲಿನಲ್ಲಿ ಬಿಡು, ಟರ್ಬೊಗೆ ಆಯಿಲ್ ಹರಿದು ತಂಪಾಗಲಿ.

ನಿನ್ನ ಸ್ನೇಹಿತನ ಬಲೆನೊ ಆರ್‌ಎಸ್‌ಗೆ ಈ ಪಟ್ಟಿಯೇ ಹೊಂದುವುದಿಲ್ಲ ಎಂದು ಅವನಿಗೂ ಹೇಳು. 2017ರಲ್ಲಿ ಬಂದ ಆ 998 ಸಿಸಿ ಬೂಸ್ಟರ್‌ಜೆಟ್, ಹ್ಯುಂಡೈನ ಟಿ-ಜಿಡಿಐ, ಫೋಕ್ಸ್‌ವ್ಯಾಗನ್ನಿನ ಟಿಎಸ್‌ಐ ಇವೆಲ್ಲ ಸಿಲಿಂಡರಿನ ಒಳಗೇ ಪೆಟ್ರೋಲ್ ಚಿಮ್ಮುವ ಇಂಜಿನ್‌ಗಳು. ಕ್ಯಾಮ್ ಶಾಫ್ಟಿನಿಂದ ಓಡುವ ಪಂಪು, ನೂರಕ್ಕೂ ಹೆಚ್ಚು ಬಾರ್ ಪ್ರೆಶರ್. ಅಲ್ಲಿ ಊರ ಗ್ಯಾರೇಜಿನಲ್ಲಿ ಕೈ ಹಾಕುವ ಕೆಲಸವೇ ಇಲ್ಲ. ಕಂಪನಿ ಪಂಪು ಎಷ್ಟು ಕೊಡುತ್ತದೋ ಅದರ ಮಿತಿಯೊಳಗೆ ಮ್ಯಾಪ್ ಬರೆಸಿಕೊಂಡು ತೃಪ್ತಿಪಡಬೇಕು.

ಕಾನೂನನ್ನೂ ತಿಳಿದುಕೋ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯ ವಿವರಕ್ಕೂ ಕಂಪನಿ ಕೊಟ್ಟ ಮೂಲ ವಿವರಕ್ಕೂ ವ್ಯತ್ಯಾಸ ಬರುವಂತೆ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳ ತನಕ ಜೈಲು, ಇಲ್ಲವೇ ಎರಡೂ ಎಂದು ಸೇರಿಸಿದ್ದಾರೆ. ಏನಾದರೂ ಮಾಡುವ ಮೊದಲು ಸಾಗರದ ಆರ್‌ಟಿಒ ಕಚೇರಿಯಲ್ಲಿ ಕೇಳು, ಇನ್ಶೂರೆನ್ಸಿನವರಿಗೂ ಬರೆದು ತಿಳಿಸು. ಘಾಟಿಯಲ್ಲಿ ಅಪಘಾತವಾದ ದಿನ ಕ್ಲೇಮ್ ತಿರಸ್ಕರಿಸಲು ಅವರಿಗೆ ನೀನಾಗಿ ಕಾರಣ ಕೊಡಬೇಡ.

ಇಷ್ಟು ಓದಿ ಬೇಸರ ಆಗಿರಬಹುದು. ಚಿಕ್ಕಪ್ಪ ಎಲ್ಲದಕ್ಕೂ ಅಡ್ಡಗಾಲು ಹಾಕುತ್ತಾನೆ ಎನ್ನಿಸಿದರೂ ಅಡ್ಡಿಯಿಲ್ಲ. ಗಾಡಿ ಓಡಿಸುವ ಆಸೆ ತಪ್ಪಲ್ಲ. 90 ಎಚ್‌ಪಿಯನ್ನು ಪೂರ್ತಿ ಬಳಸದವನಿಗೆ 120ರ ಆಸೆ ಯಾಕೆ ಎಂದೂ ನಾನು ಕೇಳುವುದಿಲ್ಲ. ಈ ಸಲ ಊರಿಗೆ ಬರುವಾಗ ಟ್ರಿಮ್, ಪಂಪಿನ ವೋಲ್ಟೇಜ್, ಬೂಸ್ಟಿನಲ್ಲಿ ಪೆಟ್ರೋಲ್ ಪ್ರೆಶರ್, ಲ್ಯಾಂಬ್ಡಾ, ಟೆಸ್ಟ್ ಬೆಂಚಿನ ನಾಲ್ಕು ಅಳತೆ, ಇಷ್ಟನ್ನೂ ಒಂದು ಕಾಗದದಲ್ಲಿ ಬರೆದುಕೊಂಡು ಬಾ. ಅದರಲ್ಲಿ ಕೊರತೆ ಕಂಡರೆ ಇಂಜೆಕ್ಟರಿನ ಅರ್ಧ ದುಡ್ಡು ನಾನು ಕೊಡುತ್ತೇನೆ, ಕೂರಿಸುವ ಕೆಲಸಕ್ಕೂ ನಾನೇ ನಿಲ್ಲುತ್ತೇನೆ. ಕೊರತೆ ಕಾಣದಿದ್ದರೆ ಆ ದುಡ್ಡಿನಲ್ಲಿ ನಾಲ್ಕು ಒಳ್ಳೆಯ ಟಯರು, ಹೊಸ ಬ್ರೇಕ್ ಪ್ಯಾಡು ಹಾಕಿಸು. ಹತ್ತಿದ ಘಾಟಿಯನ್ನು ಇಳಿಯಲೂ ಬೇಕಲ್ಲ ಮಾರಾಯ.

ನಿನ್ನ ಚಿಕ್ಕಪ್ಪ